ಅಕ್ಕ ಹೇಳದೆ ಕೊಟ್ಟ ಹೆಣ್ಣು

ನಮ್ಮ ಮೊಮ್ಮಗಳಿಗೆ ಏನೂ ತೊಂದರೆ ಇಲ್ಲವಂತೆ. ಬೆಳಿಗ್ಗೆ ಬೆಂಗಳೂರಿನ ಆಸ್ಪತ್ರೆಯಿಂದ ಫೋನು ಬಂತು. ನನ್ನ ಮಗ ತನ್ನ ಬೈಕ್ ರಿಪೇರಿ ಅಂಗಡಿಯಿಂದ ಗ್ರೀಸು ಮೆತ್ತಿದ ಕೈಯಲ್ಲೇ ಓಡಿ ಬಂದು, “ಅಪ್ಪಾ, ಮಗೀಗೆ ಕಣ್ಣು ಓಗಲ್ವಂತೆ, ಕಿಡ್ನಿಗೂ ಏನೂ ಆಗಲ್ವಂತೆ” ಅಂದ. ನಾನು ಎದ್ದು ಬೀದಿಗೆ ಹೋದೆ. ಯಾಕೆ ಹೋದೆ ಅಂತ ನನಗೇ ಗೊತ್ತಿಲ್ಲ. ಎದುರು ಮನೆಯ ಸಾಬರಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಗುರುತೇ ಇಲ್ಲದ ಒಬ್ಬ ಹೆಂಗಸು ಸೊಪ್ಪು ಮಾರಿಕೊಂಡು ಬಂದಳು, ಅವಳಿಗೂ ಹೇಳಿದೆ. ಅವಳು ಒಂದು ಕಟ್ಟು ದಂಟಿನ ಸೊಪ್ಪನ್ನು ಸುಮ್ಮನೆ ಕೊಟ್ಟು ಹೋದಳು. ಎದೆಹಾಲು ಕುಡಿಯುವ ಕೂಸು ಅದು, ಮಂಡ್ಯದ ಅರ್ಧ ಬೀದಿಗೆ ತನ್ನ ಸುದ್ದಿ ಗೊತ್ತಾಗಿದೆ ಅಂತ ಅದಕ್ಕೇನು ಗೊತ್ತು.

ಇಷ್ಟೊಂದು ಸಂತೋಷ ಇರುವಾಗ ನನಗೆ ಅಕ್ಕನ ವಿಚಾರ ಬರೆಯಬೇಕು ಅನ್ನಿಸಿದೆ. ನಾನು ಹೆಚ್ಚು ಓದಿದವನಲ್ಲ. ಮದ್ದೂರಿನ ಕಡೆ ನಾಲೆಯ ಮೇಲೆ ನೀರುಗಂಟಿಯಾಗಿ, ಯಾರ ಗದ್ದೆಗೆ ಯಾವಾಗ ನೀರು ಅಂತ ತೂಬು ತೆಗೆದು ಮುಚ್ಚಿ ಬದುಕಿದವನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅಕ್ಕನ ಎಡ ಸೊಂಟ ಬಲ ಸೊಂಟಕ್ಕಿಂತ ಮೇಲೆ. ನಡೆದರೆ ಒಂದು ಕಡೆ ವಾಲುತ್ತಾಳೆ. ನಾನು ಹುಟ್ಟಿದ ಕೂಡಲೇ ಅವ್ವ ತೀರಿಕೊಂಡಳು. ಆಗ ಅಕ್ಕ ಇನ್ನೂ ಲಂಗದ ಹುಡುಗಿ. ನನ್ನನ್ನು ಎತ್ತಿಕೊಂಡೇ ಕಸ ಗುಡಿಸಿದಳು, ನೀರು ಸೇದಿದಳು, ರಾಗಿ ಬೀಸಿದಳು. “ಈ ಸೊಂಟ ನೆಟ್ಟಗಿರಬೇಕಾದ್ರೆ ನೀನು ಉಟ್ಬಾರದಾಗಿತ್ತು ಕಣ್ಲಾ” ಅಂತ ಇವತ್ತಿಗೂ ಹಂಗಿಸುತ್ತಾಳೆ. ಅವಳನ್ನು ಮಳವಳ್ಳಿ ಕಡೆ ನಮ್ಮ ಸೋದರಮಾವನಿಗೇ ಕೊಟ್ಟರು. ಮದುವೆಯಾಗಿ ಹೋದಾಗ ನನ್ನನ್ನೂ ಕರೆದುಕೊಂಡು ಹೋಗುತ್ತೇನೆ ಅಂತ ಹಟ ಹಿಡಿದು ಎರಡು ಹೊತ್ತು ಊಟ ಬಿಟ್ಟಿದ್ದಳಂತೆ.

ಆಮೇಲೂ ನಮ್ಮ ಮನೆಗೆ ಬಂದರೆ ಯಾರನ್ನೂ ಮಾತಾಡಿಸದೆ ನೇರವಾಗಿ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡುವಳು. “ಏನ್ ಬಾಳಾಟ ಬಾಳ್ತಾವ್ರೆ ಅಂತ ಇಲ್ಲೇ ತಿಳೀತದೆ” ಅನ್ನುವಳು. ನನ್ನ ಹೆಂಡತಿಗೆ ಮೈ ಉರಿಯುತ್ತಿತ್ತು. ನನಗೆ ನಗು. ಅತ್ತೆಯ ಜಗಳ, ಗಂಡನ ಕುಡಿತ, ಎಮ್ಮೆ ಕರು ಹಾಕಿದ್ದು, ಎಲ್ಲವನ್ನೂ ನನ್ನ ಹತ್ತಿರ ಸುರಿದು ಹೋಗುವಳು. ಅಕ್ಕ ನನ್ನಿಂದ ಏನನ್ನೂ ಮುಚ್ಚಿಟ್ಟವಳಲ್ಲ ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ.

ಅವಳ ಮಗಳನ್ನೇ ನನ್ನ ಮಗನಿಗೆ ತಂದುಕೊಂಡೆವು. ಕೇಳಿದವಳು ಅಕ್ಕ. “ಬೇರೆ ಕಡೆಯಿಂದ ಒಳ್ಳೊಳ್ಳೆ ಗಂಡು ಬಂದವೆ, ಆದ್ರೆ ನಂಗೆ ನಿನ್ನ ಮನೇನೇ ಆಗ್ಬೇಕು” ಅಂದಳು. ನನಗಿಂತ ಹಿಗ್ಗಿದವರು ಯಾರು?

ಮೊದಲನೆಯ ಮೊಮ್ಮಗ ಹುಟ್ಟಿದಾಗ ಅವನ ಎರಡೂ ಕೈಯಲ್ಲಿ ಕಿರುಬೆರಳ ಪಕ್ಕ ಹುರುಳಿಕಾಳಿನಷ್ಟು ಇನ್ನೊಂದು ಬೆರಳಿತ್ತು. ಆರು ಬೆರಳಿದ್ದರೆ ಅದೃಷ್ಟ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನನ್ನ ಹೆಂಡತಿ ಬೇಳೆ ಬೆಲ್ಲ ತಂದು ಒಬ್ಬಟ್ಟಿಗೆ ಕೂತಳು. ಅಕ್ಕ ಮಾತ್ರ, “ದೃಷ್ಟಿ ಆಯ್ತದೆ ಬುಡು” ಅಂತ ದಾರ ತಗೊಂಡು ಬುಡಕ್ಕೆ ಬಿಗಿಯಾಗಿ ಕಟ್ಟಿದಳು. ಕೆಲವು ದಿನಕ್ಕೆ ಒಣಗಿ ಉದುರಿತು. ಎಲ್ಲಿ ಕಲಿತೆಯಕ್ಕ ಅಂದದ್ದಕ್ಕೆ, “ಯಾರೋ ಮಾಡಿದ್ದ ಕಂಡಿದ್ದೆ” ಅಂದಳು.

ಹುಡುಗ ದಪ್ಪಗೆ ಬೆಳೆದ. ಹೊಟ್ಟೆ ತುಂಬಿದ್ದೇ ಅವನಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಸಂಜೆಯಾದರೆ ಗೋಡೆ ಹಿಡಿದು ನಡೆಯುವುದಕ್ಕೆ ಶುರು ಮಾಡಿದ. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಮೊದಲು ಕೇಳಿದ್ದೇ ಬೆರಳಿನ ವಿಚಾರ. ನಾನು ಬೆಪ್ಪಾದೆ. ಕಣ್ಣು ತೋರಿಸುವುದಕ್ಕೆ ಬಂದರೆ ಬೆರಳು ಕೇಳುತ್ತಾರಲ್ಲ ಅಂತ. ಮನೆಯಲ್ಲಿ ಇನ್ಯಾರಿಗಾದರೂ ಹೀಗಿತ್ತಾ ಅಂದರು. ಜೊತೆಗೆ ಬಂದಿದ್ದ ಅಕ್ಕ, “ನಮ್ಮ ವಂಸದಲ್ಲೇ ಯಾರ್ಗೂ ಇಲ್ಲ ಕಣಪ್ಪ” ಅಂದಳು. ರಕ್ತ ತೆಗೆದುಕೊಂಡರು. ಅದರಲ್ಲಿ ಏನೂ ಸಿಗಲಿಲ್ಲ. “ನೋಡ್ದಾ, ಡಾಕ್ಟರು ಸುಮ್ನೆ ಎದುರುಸ್ತಾರೆ” ಅಂತ ಅಕ್ಕ ಬಸ್ಸಿನಲ್ಲಿ ಎಲ್ಲರಿಗೂ ಕಡಲೆಕಾಯಿ ಕೊಡಿಸಿದಳು.

ಸೊಸೆ ಮತ್ತೆ ಬಸುರಿಯಾದಾಗ ಆಸ್ಪತ್ರೆಯ ಒಬ್ಬ ಹುಡುಗಿ ನಮ್ಮನ್ನು ಕೂರಿಸಿಕೊಂಡು ಮಾತಾಡಿದಳು. ಮನೆತನದ ಕಾಯಿಲೆ ಬಗ್ಗೆ ತಿಳಿಸಿ ಹೇಳುವುದೇ ಅವಳ ಕೆಲಸ. ನೀವೇನು ಮಾಡ್ತಿದ್ರಿ ತಾತ ಅಂತ ಕೇಳಿ, ನೀರುಗಂಟಿ ಅಂದದ್ದಕ್ಕೆ ಅದನ್ನೇ ಹಿಡಿದಳು. ಮೈಯ ಕಣ ಕಣಕ್ಕೂ ಕಣ್ಣಿಗೆ ಕಾಣದಂಥ ಒಂದು ಕೂದಲಿರುತ್ತದಂತೆ. ಹೊರಗಿನ ಸುದ್ದಿ ಒಳಗೆ ತರುವುದು ಅದೇ ಅಂತೆ. ಅದು ಕೆಟ್ಟರೆ ಬೆರಳು, ಕಣ್ಣು, ಕಿಡ್ನಿ, ಹಸಿವು, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕಾಣುವುದೆಲ್ಲ ಒಟ್ಟಿಗೆ ಕೆಡುತ್ತದಂತೆ. “ಆ ಕೂದಲು ಕಟ್ಟೋ ಜೀನು ಒಂದು ಗದ್ದೆ ಇದ್ದಂಗೆ ತಾತ. ಗದ್ದೆ ಚೆನ್ನಾಗಿರಬಹುದು. ತೂಬು ತೆಗೆಯೋನು ಹೊತ್ತಿಗೆ ತೆಗೀದಿದ್ರೆ?” ಅಂದಳು.

“ಪೈರು ಒಣಗ್ತದೆ” ಅಂದೆ.

“ನಾವು ಗದ್ದೆ ಮಾತ್ರ ನೋಡಿದ್ವಿ. ತೂಬು ಇರೋ ಜಾಗ ಬೇರೆ, ಅದನ್ನ ಹುಡುಕೋದು ಕಷ್ಟ. ಮನೇಲಿ ಇನ್ನೊಂದು ಮಗೂಗೆ ಹೀಗಾಗಿತ್ತು ಅಂತ ಗೊತ್ತಾದ್ರೆ ಬಿಡದೆ ಹುಡುಕ್ತೀವಿ. ಸಿಕ್ಕಿದ್ರೆ ಹುಟ್ಟೋ ಮಗೂಗೆ ಇದೆಯಾ ಇಲ್ವಾ ಹೇಳ್ತೀವಿ.”

ಮನೆಗೆ ಬಂದ ಮೇಲೆ ಸೊಸೆ ಅಕ್ಕನ ಮುಂದೆ ನಿಂತಳು. “ಅವ್ವ, ನಾನು ಉಟ್ಟೋಕೆ ಮುಂಚೆ ಸತ್ತೋದ ಅಣ್ಣನ್ಗೂ ಬೆರಳಿತ್ತಾ? ನನ್ನ ಹೊಟ್ಟೆ ಮುಟ್ಟಿ ಏಳು.”

ಅಕ್ಕನ ಆ ಮೊದಲ ಮಗ ನಾಲೆಯಲ್ಲಿ ಈಜುವುದಕ್ಕೆ ಹೋಗಿ ಮುಳುಗಿದ ಅಂತ ನಮಗೆಲ್ಲ ಹೇಳಿದ್ದಳು. ಹೆಣದ ಮುಂದೆ ಅವಳನ್ನು ಹಿಡಿದುಕೊಂಡು ಕೂತವನು ನಾನೇ.

ಅಕ್ಕ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಳು. “ಇತ್ತು. ನಾನೇ ಕಟ್ದೆ. ಕತ್ಲಾದ್ರೆ ತಡಕಾಡೋನು. ಸೋಂಬೇರಿ, ಕಳ್ಳಾಟ ಆಡ್ತಾನೆ ಅಂತ ಒಡೀತಿದ್ದೆ. ಅವತ್ತು ಕಣ್ಣು ಕಾಣಾಕಿಲ್ಲ ಕಣವ್ವ ಅಂದ. ಓಗಿ ಎಮ್ಮೆ ಒಡ್ಕಂಬಾ ಅಂತ ನಾಲೆ ತಾವಕ್ಕೆ ಕಳ್ಸಿದ್ದೇ ನಾನು.”

ನಾನು ಕೇಳಿದೆ, “ಗೊತ್ತಿದ್ದೂ ನಂಗ್ಯಾಕೆ ಏಳ್ಲಿಲ್ಲ? ಗೊತ್ತಿದ್ದೂ ಎಣ್ಣು ಯಾಕೆ ಕೊಟ್ಟೆ?”

“ಬೇರೇವ್ರ ಮನೇಲಿ ಅಂಥ ಮಗ ಉಟ್ಟಿದ್ರೆ ಇವಳ್ನ ತವ್ರಿಗೆ ಅಟ್ಟೋರು. ನೀನು ಅಟ್ಟಲ್ಲ ಅಂತ ಗೊತ್ತಿತ್ತು ಕಣ್ಲಾ.”

ಅವಳು ಕಟುವಾಗಿ ಹೇಳಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಪ್ರೀತಿಯಿಂದಲೇ ಹೇಳಿದಳು. ಎಷ್ಟು ಹಾಕಿದರೂ ಹೊರುತ್ತಾನೆ ಅಂತ ನನ್ನ ಮೇಲೆ ಹಾಕಿದ್ದಳು. ಆ ಆಸ್ಪತ್ರೆಯ ಹುಡುಗಿ ಆಮೇಲೆ ಹೇಳಿದ ಮಾತು ಇನ್ನೂ ಕೆಟ್ಟದ್ದು. ಆ ಕೆಟ್ಟ ತೂಬು ನಮ್ಮ ಅವ್ವನ ಕಡೆಯದು. ಸೋದರಮಾವನಲ್ಲೂ ಇತ್ತು, ಅಕ್ಕನಲ್ಲೂ ಇತ್ತು, ನನ್ನಲ್ಲೂ ಇತ್ತು, ನಮ್ಮಿಂದ ಮಕ್ಕಳಿಗೆ ಹೋಗಿತ್ತು. ಅಪ್ಪನಿಂದ ಒಂದು, ಅವ್ವನಿಂದ ಒಂದು, ಎರಡೂ ಕೆಟ್ಟದ್ದೇ ಬಂದರೆ ಮಾತ್ರ ಕಾಯಿಲೆ. ಹೊರಗೆ ಕೊಟ್ಟಿದ್ದರೆ ಹೆಚ್ಚುಪಾಲು ಬರುತ್ತಿರಲಿಲ್ಲ. ಮಗಳು ಸುಖವಾಗಿರಲಿ ಅಂತ ಅಕ್ಕ ಆರಿಸಿದ ಮನೆಯಲ್ಲೇ ಅದು ಕಾದು ಕೂತಿತ್ತು.

ಅಕ್ಕ ರಕ್ತ ಕೊಟ್ಟಳು. ಆಸ್ಪತ್ರೆಯವರು ಹುಡುಕಿ ಹುಡುಕಿ ಆ ಜಾಗ ಹಿಡಿದರು. ನಾನು ಅವತ್ತಿನಿಂದ ಅವಳ ಹತ್ತಿರ ಮಾತು ಬಿಟ್ಟೆ. ಬಾಣಂತನಕ್ಕೆ ಬಂದು ಕೂಸಿಗೆ ನೀರು ಹಾಕಿ ಹೋದಳು, ಆಗಲೂ ನಾನು ಜಗಲಿಯಿಂದ ಏಳಲಿಲ್ಲ.

ಕೂಸಿನ ರಕ್ತವನ್ನೂ ನೋಡಿದರು. ಅದಕ್ಕೆ ಒಂದು ತೂಬು ಕೆಟ್ಟಿದೆಯಂತೆ, ಇನ್ನೊಂದು ಚೆನ್ನಾಗಿದೆಯಂತೆ. ಅಷ್ಟು ಸಾಕಂತೆ. ಅಕ್ಕ ಬಾಯಿ ಬಿಡದಿದ್ದರೆ ಇಷ್ಟೂ ತಿಳಿಯುತ್ತಿರಲಿಲ್ಲ. ಅವಳನ್ನು ಕ್ಷಮಿಸಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ. ಮೊಮ್ಮಗ ಗೋಡೆ ಹಿಡಿದು ಬರುವುದನ್ನು ನಾನು ದಿನಾ ಸಂಜೆ ನೋಡುತ್ತೇನೆ.

ಇವತ್ತು ಸಂಜೆ ಅಕ್ಕ ಮಳವಳ್ಳಿ ಬಸ್ಸಿಗೆ ಬಂದಳು. ಹೆಂಡತಿ ಫೋನು ಮಾಡಿದ್ದಳಂತೆ. ಈ ಸಲ ಅಡುಗೆಮನೆಗೆ ನುಗ್ಗಲಿಲ್ಲ, ಬಾಗಿಲಲ್ಲೇ ನಿಂತಳು. ಸೊಸೆ ಕೈ ಹಿಡಿದು ಒಳಗೆ ಕರೆತಂದಳು. ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು, ಸೊಪ್ಪಿನ ಪಲ್ಯ, ಪಾಯಸ. ಅಕ್ಕ ಮೊಮ್ಮಗನ ಪಕ್ಕ ಕೂತು ಅವನ ಬೆರಳು ಹಿಡಿದು ತಟ್ಟೆಯ ಅಂಚಿನ ಸುತ್ತ ತಿರುಗಿಸಿದಳು. “ಇಲ್ಲಿ ಮುದ್ದೆ. ಇಲ್ಲಿ ಪಲ್ಯ. ಲೋಟ ನಿನ್ನ ಎಡಕ್ಕೆ. ನಿದಾನ್ಕೆ ಉಣ್ಣು ಮಗ, ಯಾರೂ ಬಯ್ಯಾಕಿಲ್ಲ.” ಅವನು ಒಂದು ಹನಿ ಚೆಲ್ಲದೆ ಉಂಡ. ಅವಳ ತಟ್ಟೆ ಹಾಗೇ ಇತ್ತು.

“ಉಣ್ಣಕ್ಕ, ಆರೋಯ್ತದೆ” ಅಂದೆ.

ಎಲ್ಲರ ಕೈಯೂ ನಿಂತಿತು. ಅಕ್ಕ ನನ್ನ ಕಡೆ ನೋಡಲಿಲ್ಲ. “ನೀನೇಳ್ಲಿ ಅಂತೇನು ಕಾಯ್ತಿರ್ಲಿಲ್ಲ ಕಣ್ಲಾ. ಮಗ ಉಣ್ಲಿ ಅಂತ ಕುಂತಿದ್ದೆ” ಅಂದು ಮುದ್ದೆ ಮುರಿದಳು.