ಗದ್ದ ಹಿಡಿದು ಮಾತಾಡುತ್ತಿದ್ದ ಮಗು

ಜಯನಗರದಲ್ಲಿ ಮಕ್ಕಳ ಬೆಳವಣಿಗೆಯ ಒಂದು ಸಣ್ಣ ಕೇಂದ್ರವಿದೆ. ನಾನು ಅಲ್ಲಿ ಕೆಲಸಕ್ಕೆ ಸೇರಿ ಎಂಟು ವರ್ಷವಾಯಿತು. ಐದು ವರ್ಷದೊಳಗಿನ ಮಕ್ಕಳು ತಮ್ಮನ್ನು ನೋಡಿಕೊಳ್ಳುವವರ ಜೊತೆ ಹೇಗಿರುತ್ತಾರೆ, ಓರಗೆಯ ಮಕ್ಕಳ ಜೊತೆ ಹೇಗೆ ಬೆರೆಯುತ್ತಾರೆ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ನನ್ನ ಮಾವನವರು ಈಗಲೂ ನೆಂಟರಿಗೆ, "ಸೊಸೆ, ಮಕ್ಕಳು ಆಟ ಆಡೋದನ್ನ ನೋಡಿ ಮಾರ್ಕ್ಸ್ ಹಾಕ್ತಾಳೆ" ಎಂದೇ ಹೇಳುತ್ತಾರೆ. ಅವರ ಮಾತಿನಲ್ಲಿ ಸುಳ್ಳೇನೂ ಇಲ್ಲ.

ಆ ಹುಡುಗಿ ನಮ್ಮಲ್ಲಿಗೆ ಬಂದಾಗ ಅವಳಿಗೆ ಮೂರೂವರೆ ವರ್ಷ. ಬೇಗೂರಿನ ಹಳೇ ಕುಟುಂಬ. ಹಿಂದೆ ಹೊಲವಿದ್ದ ಜಾಗದಲ್ಲಿ ಈಗ ಅವರದೇ ಮೂರು ಅಂತಸ್ತಿನ ಕಟ್ಟಡವಿದೆ, ಕೆಳಗೆ ಬಾಡಿಗೆ ಮನೆಗಳು. ಅಪ್ಪ ಸಿಮೆಂಟು, ಕಬ್ಬಿಣದ ಅಂಗಡಿ ನೋಡಿಕೊಳ್ಳುತ್ತಾರೆ. ಅಮ್ಮ ಬಿಳೇಕಹಳ್ಳಿಯ ಹತ್ತಿರ ಬ್ಲೌಸು, ಚೂಡಿದಾರ್ ಹೊಲಿದುಕೊಡುವ ಅಂಗಡಿ ಇಟ್ಟಿದ್ದಾರೆ. ಮಗುವನ್ನು ಕರೆತಂದದ್ದು ಅಮ್ಮನೇ. ಕೈಯಲ್ಲಿ ನರ್ಸರಿ ಶಾಲೆಯ ಪತ್ರವಿತ್ತು. ಮಗು ಬೇರೆ ಮಕ್ಕಳ ಮುಖಕ್ಕೆ ಕೈ ಹಾಕಿ ಎಳೆಯುತ್ತಾಳೆ, ಮಾತಾಡುವುದಿಲ್ಲ, ಪರೀಕ್ಷೆ ಮಾಡಿಸಿ ವರದಿ ತಂದರೆ ಮಾತ್ರ ಮುಂದಿನ ವರ್ಷಕ್ಕೆ ಸೀಟು ಎಂದು ಅದರಲ್ಲಿ ಬರೆದಿತ್ತು.

ನಮ್ಮ ಆಟದ ಕೋಣೆಯಲ್ಲಿ ಒಂದು ಚಾಪೆ, ಮರದ ಬ್ಲಾಕುಗಳು, ಪುಟಾಣಿ ಅಡುಗೆ ಸಾಮಾನು, ಒಂದು ಚೆಂಡು ಇವೆ. ನಾನು ಚಾಪೆಯ ಮೇಲೆ ಕೂತು ಬ್ಲಾಕು ಜೋಡಿಸುತ್ತಿದ್ದೆ. ಹುಡುಗಿ ಬಂದು ಎದುರಿಗೆ ನಿಂತಳು. ಎರಡೂ ಕೈಯಿಂದ ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವಳ ತುಟಿಗಳು ಅಲ್ಲಾಡಿದವು, ಆದರೆ ದನಿ ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದೇ ವಯಸ್ಸಿನ ಇನ್ನೊಬ್ಬ ಹುಡುಗನನ್ನು ಒಳಗೆ ಬಿಟ್ಟೆವು. ಅವನ ಗದ್ದಕ್ಕೂ ಹಾಗೇ ಕೈ ಹಾಕಿದಳು. ಅವನು ಅತ್ತ. ಅವಳು ಗಾಬರಿಯಾಗಿ ಕೈ ತೆಗೆದು ಮೂಲೆಗೆ ಹೋಗಿ ಕೂತಳು.

ದನಿಯಿಲ್ಲದೆ ತುಟಿ ಅಲ್ಲಾಡಿಸುತ್ತಾಳೆ, ಮುಖ ಎಳೆಯುತ್ತಾಳೆ ಎಂದು ನಾನೇ ಬರೆದುಕೊಂಡೆ. ಮನೆಯಲ್ಲಿ ಮಾತಾಡುತ್ತಾಳಾ ಎಂದು ಕೇಳಿದಾಗ ಅಮ್ಮ, "ಮಾತಾಡ್ತಾಳೆ ಮೇಡಂ, ಜಾಸ್ತಿ ಇಲ್ಲ" ಎಂದರು. ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ "ತಾಯಿ" ಎಂದು ತುಂಬಿದ್ದರು. ಕಿವಿಯ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿ ಚೆನ್ನಾಗಿದ್ದವು.

ನಮ್ಮ ಕೇಂದ್ರ ನಡೆಸುವ ಹಿರಿಯ ಮೇಡಂ ನನ್ನ ಟಿಪ್ಪಣಿ ಓದಿ, "ಎಲ್ಲಾ ಕಣ್ಣೆದುರಿಗೇ ಇದೆಯಲ್ಲಮ್ಮ. ಆಟಿಸಂ ಅಂತ ಬರೆದು ಕೊಟ್ಬಿಡು. ಬೇಗ ಥೆರಪಿ ಶುರುವಾದ್ರೆ ಮಗೂಗೇ ಒಳ್ಳೇದು" ಎಂದರು.

ಅವರು ಕೆಟ್ಟವರಲ್ಲ. ದಿನಕ್ಕೆ ಆರು ಏಳು ಮಕ್ಕಳನ್ನು ನೋಡಿ ದಣಿದವರು. ಆದರೆ ನನಗೆ ಸೈನ್ ಮಾಡಲು ಕೈ ಬರಲಿಲ್ಲ. ಅದಕ್ಕೆ ಎರಡು ವರ್ಷ ಹಿಂದೆ ಒಂದು ಮಗುವಿನ ಬಗ್ಗೆ ಮುಕ್ಕಾಲು ಗಂಟೆ ನೋಡಿ ನಾನು ಬರೆದಿದ್ದ ವರದಿ ಕಾರಣ. ಯಾರ ಹತ್ತಿರವೂ ಹೋಗುವುದಿಲ್ಲ, ಯಾರನ್ನೂ ನೋಡುವುದಿಲ್ಲ ಎಂದು ಬರೆದಿದ್ದೆ. ಆ ಮಗುವಿನ ಅಮ್ಮ ಆ ವಾರವಿಡೀ ಆಸ್ಪತ್ರೆಯಲ್ಲಿದ್ದರು, ಕರೆತಂದವರು ಅದಕ್ಕೆ ಅಷ್ಟೇನೂ ಗೊತ್ತಿರದ ದೊಡ್ಡಪ್ಪ ಎನ್ನುವುದು ನನಗೆ ತಿಂಗಳುಗಳ ನಂತರ ತಿಳಿಯಿತು. ಅಷ್ಟರಲ್ಲಿ ನನ್ನ ಕಾಗದ ಹಿಡಿದುಕೊಂಡು ಆ ಮನೆಯವರು ಎಲ್ಲೆಲ್ಲೋ ಅಲೆದಿದ್ದರು. ಕ್ಷಮೆ ಕೇಳೋಣವೆಂದರೆ ಅವರು ಊರೇ ಬಿಟ್ಟಿದ್ದರು.

"ಮನೆಗೆ ಹೋಗಿ ನೋಡ್ಬೇಕು ಮೇಡಂ" ಎಂದೆ.

"ನಮ್ಮಲ್ಲಿ ಹಂಗೆಲ್ಲ ಮನೆಗೆ ಹೋಗೋ ಪದ್ಧತಿ ಇಲ್ಲ. ನಿಂಗೊತ್ತಲ್ಲ."

"ನನ್ನ ರಜೆ ಹಾಕ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ನಾನು ಸೈನ್ ಮಾಡಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನೇ ನೋಡಿದರು. ಆಮೇಲೆ, "ಶಾಲೆಯವರು ಫೋನ್ ಮಾಡಿದ್ರೆ ನೀನೇ ಮಾತಾಡು" ಎಂದರು.

ಶನಿವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಬೇಗೂರಿಗೆ ಹೋದೆ. ಮಗುವಿನ ಅಮ್ಮ ಅಂಗಡಿಗೆ ಹೊರಡುವ ಅವಸರದಲ್ಲಿದ್ದರು. "ಮನೇಲಿ ನಮ್ಮತ್ತೆ ಬಿಟ್ರೆ ಯಾರೂ ಇರಲ್ಲ ಮೇಡಂ. ಅವರನ್ನ ಕೇಳಿದ್ರೆ ಏನೂ ಗೊತ್ತಾಗಲ್ಲ" ಎನ್ನುತ್ತಾ ಒಳಗೆ ಕರೆದರು.

ಅಜ್ಜಿ ಹಾಲಿನ ನೆಲದ ಮೇಲೆ ಕಾಲು ಚಾಚಿ ಕೂತು, ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಹುಡುಗಿ ಅವರ ತೊಡೆಗೆ ಒರಗಿಕೊಂಡು ತಾನೂ ಒಂದೊಂದೇ ಕಾಳು ಹಿಸುಕುತ್ತಿದ್ದಳು. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಮಗು ಎದ್ದು ಅಜ್ಜಿಯ ಗದ್ದ ಹಿಡಿದು ಮುಖ ತಿರುಗಿಸಿಕೊಂಡಳು. ಅವಳ ತುಟಿ ಅಲ್ಲಾಡಿತು. ಅಜ್ಜಿಯ ತುಟಿಯೂ ಅಲ್ಲಾಡಿತು. ಮಗು ತಲೆಯಾಡಿಸಿ ಮತ್ತೇನೋ ಅಂದಳು. ಅಜ್ಜಿ ಹುಬ್ಬೇರಿಸಿ, ನನ್ನ ಕಡೆ ಕಣ್ಣು ಹಾಯಿಸಿ ಏನೋ ಉತ್ತರ ಕೊಟ್ಟರು. ಇಬ್ಬರೂ ಕಿಸಕ್ಕನೆ ನಕ್ಕರು. ಅಷ್ಟು ಹೊತ್ತಿನಲ್ಲಿ ನನ್ನ ಕಿವಿಗೆ ಬಿದ್ದ ಸದ್ದೆಂದರೆ ಆ ನಗು ಮತ್ತು ಫ್ಯಾನು, ಅಷ್ಟೇ.

"ನಿಮ್ಮತ್ತೆಗೆ ಕಿವಿ ಕೇಳಿಸಲ್ವಾ?" ಎಂದು ಅಮ್ಮನನ್ನು ಕೇಳಿದೆ.

"ನಾನು ಮದುವೆಯಾಗಿ ಬರೋಕ್ಕೆ ಮುಂಚಿನಿಂದಲೂ ಕೇಳಿಸಲ್ಲ ಮೇಡಂ. ಎಂಥದೋ ಜ್ವರ ಬಂದು ಹೋಯ್ತಂತೆ. ನಿಮಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಆ ಮನೆಯಲ್ಲಿ ಅದು ಹೇಳಬೇಕಾದ ವಿಷಯವೆಂದು ಯಾರಿಗೂ ಹೊಳೆದಿರಲಿಲ್ಲ. ಕಿವಿ ಹೋದ ಹೊಸತರಲ್ಲಿ ಅಜ್ಜಿ ಜೋರಾಗಿ ಮಾತಾಡುತ್ತಿದ್ದರಂತೆ. "ಯಾಕಿಂಗ್ ಕಿರುಚ್ತೀಯ" ಎಂದು ಮನೆಯವರು ಅಂದು ಅಂದು, ಅವರು ದನಿ ಇಳಿಸುತ್ತಾ ಬಂದು ಕೊನೆಗೆ ಬರೀ ತುಟಿಯಲ್ಲೇ ಮಾತಾಡುವುದು ರೂಢಿಯಾಗಿತ್ತು. ಮಗು ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಬೆಳೆದದ್ದು ಅವರ ಮಡಿಲಲ್ಲೇ. ಶಾಲೆಗೆ ಸೇರಿದ ಮೇಲೂ ಮಧ್ಯಾಹ್ನದಿಂದ ಸಂಜೆಯವರೆಗೆ ಅಲ್ಲೇ.

"ಮತ್ತೆ ನೋಡ್ಕೊಳ್ಳೋರು ತಾಯಿ ಅಂತ ಬರ್ದಿದ್ರಿ?" ಎಂದೆ.

"ಎಲ್ಲರೂ ಕೇಳೋದು ಅದೊಂದೇ ಮೇಡಂ, ಅಮ್ಮ ಏನ್ ಮಾಡ್ತಿದ್ಲು ಅಂತ. ಅದಕ್ಕೇ ಹಂಗೆ ಬರ್ದೆ."

ಅವರು ಅಂಗಡಿಗೆ ಹೋದ ಮೇಲೂ ನಾನು ಅಲ್ಲೇ ಇದ್ದೆ. ಹನ್ನೊಂದರ ಸುಮಾರಿಗೆ ಅಜ್ಜಿ ಮಗುವನ್ನು ಕರೆದುಕೊಂಡು ಕೆಳಗಿಳಿದರು. ಬಾಡಿಗೆ ಮನೆಗಳ ಮೂವರು ಮಕ್ಕಳು ಕಾಂಪೌಂಡಿನಲ್ಲಿ ಇಟ್ಟಿಗೆ ಚೂರುಗಳಲ್ಲಿ ಮನೆ ಕಟ್ಟುತ್ತಿದ್ದರು. ನಮ್ಮ ಹುಡುಗಿ ಹೋಗಿ ಅವರಲ್ಲಿ ದೊಡ್ಡವಳ ಗದ್ದ ಹಿಡಿದಳು. ಆ ಹುಡುಗಿ ಕೆಲಸ ನಿಲ್ಲಿಸಿ ತಿರುಗಿ, "ಏನೇ?" ಎಂದಳು. ನಮ್ಮವಳು ಸಣ್ಣ ದನಿಯಲ್ಲಿ, ಆದರೆ ಸ್ಪಷ್ಟವಾಗಿ, "ನಂಗೂ ಬಾಗ್ಲು ಇಡಕ್ಕೆ ಕೊಡು" ಎಂದಳು. ನಾನು ಅವಳ ದನಿ ಕೇಳಿದ್ದು ಅದೇ ಮೊದಲು.

ಆ ದೊಡ್ಡ ಹುಡುಗಿಗೆ ಆರು ವರ್ಷವಿರಬಹುದು. ನಾನು ಬರೆದುಕೊಳ್ಳುತ್ತಿದ್ದುದನ್ನು ನೋಡಿ ತಾನಾಗಿಯೇ ಹೇಳಿದಳು. "ಅವಳು ಹಂಗೇ ಆಂಟಿ. ಗದ್ದ ಹಿಡಿದ್ರೆ ನಾವು ನೋಡ್ಬೇಕು. ಆಮೇಲೆ ಹೇಳ್ತಾಳೆ."

ನಾನು ಎಂಟು ವರ್ಷದಲ್ಲಿ ಬರೆದ ಯಾವ ವರದಿಯಲ್ಲೂ ಅಷ್ಟು ನೇರವಾದ ವಾಕ್ಯವಿರಲಿಲ್ಲ.

ಅದೇ ವಾರ ಶಾಲೆಗೂ ಹೋಗಿ ಒಂದು ಬೆಳಗ್ಗೆಯಿಡೀ ತರಗತಿಯ ಹಿಂದೆ ಕೂತೆ. ಹುಡುಗಿ ಪಕ್ಕದವನ ಗದ್ದ ಮುಟ್ಟಿದಳು. ಅವನು, "ಮಿಸ್, ನೋಡಿ ಮಿಸ್" ಎಂದ. ಟೀಚರ್ ಬಂದು ಅವಳನ್ನು ಎಬ್ಬಿಸಿ ಆಯಾ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಉಳಿದ ಮೂರು ಗಂಟೆಯಲ್ಲಿ ಹೆಚ್ಚಿನ ಹೊತ್ತು ಅವಳು ಅಲ್ಲೇ ಕೂತಿದ್ದಳು. ಯಾರ ಹತ್ತಿರವೂ ಹೋಗಲಿಲ್ಲ, ತುಟಿಯನ್ನೂ ಅಲ್ಲಾಡಿಸಲಿಲ್ಲ. ಕಾಂಪೌಂಡಿನಲ್ಲಿ ಬಾಗಿಲು ಇಡಲು ಕೇಳಿದ ಹುಡುಗಿಯೇ ಇವಳು ಎಂದು ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ.

ಶಾಲೆಯ ಕೋಆರ್ಡಿನೇಟರ್ ಹತ್ತಿರ ಎಲ್ಲವನ್ನೂ ವಿವರಿಸಿದೆ. ಅವರು ಕೇಳಿಸಿಕೊಂಡು, "ನಮ್ಮಲ್ಲಿ ಒಂದು ಕ್ಲಾಸಿಗೆ ಇಪ್ಪತ್ತೆಂಟು ಮಕ್ಕಳು ಮೇಡಂ. ಒಬ್ಬಳಿಗೋಸ್ಕರ ಏನ್ ಮಾಡಕ್ಕಾಗುತ್ತೆ?" ಎಂದರು.

"ಮೂರು ತಿಂಗಳು ಕೊಡಿ. ವಾರಕ್ಕೊಂದು ಸಲ ನಾನೇ ಬರ್ತೀನಿ. ಗದ್ದದ ಬದಲು ಭುಜ ತಟ್ಟೋದನ್ನ ಅವಳಿಗೆ ಕಲಿಸೋಣ. ಭುಜ ತಟ್ಟಿದ್ರೆ ತಿರುಗಿ ನೋಡೋದನ್ನ ಉಳಿದ ಮಕ್ಕಳಿಗೆ ಕಲಿಸೋಣ. ಆಮೇಲೂ ಆಗ್ಲಿಲ್ಲ ಅಂದ್ರೆ ಮತ್ತೆ ಮೊದಲಿಂದ ಪರೀಕ್ಷೆ ಮಾಡ್ತೀನಿ. ನಂದು ತಪ್ಪಾಗಿದ್ರೆ ಹಂಗಂತಲೇ ಬರೆದು ಕೊಡ್ತೀನಿ."

ಅವರು ಒಪ್ಪುವ ಹಾಗೆ ಕಾಣಲಿಲ್ಲ. ತರಗತಿಯ ಟೀಚರ್, ಇನ್ನೂ ಚಿಕ್ಕ ವಯಸ್ಸಿನವರು, ಬಾಗಿಲಲ್ಲೇ ನಿಂತಿದ್ದರು. "ನಾನು ಮಾಡ್ತೀನಿ ಮೇಡಂ. ಆ ಮಗೂನ ಕುರ್ಚೀಲಿ ಕೂರ್ಸೋಕೆ ನಂಗೂ ಇಷ್ಟ ಇಲ್ಲ" ಎಂದರು. ಕೋಆರ್ಡಿನೇಟರ್ ಮತ್ತೆ ಬೇಡ ಅನ್ನಲಿಲ್ಲ.

ಕಷ್ಟ ಬಂದದ್ದು ನಾನು ಎಣಿಸದ ಕಡೆಯಿಂದ. ಮೂರು ದಿನದ ನಂತರ ಮಗುವಿನ ಅಮ್ಮ ಫೋನ್ ಮಾಡಿದರು. ಅಜ್ಜಿಯಿಂದಲೇ ಮಗು ಹೀಗಾಯಿತೆಂದು ಗಂಡ ಹೆಂಡತಿ ಮನೆಯಲ್ಲಿ ಮಾತಾಡಿಕೊಂಡದ್ದು, ಅವರ ತುಟಿ ನೋಡಿಯೇ ಅಜ್ಜಿಗೆ ತಿಳಿದುಬಿಟ್ಟಿತ್ತು. "ಅತ್ತೆ ರೂಮಿನ ಬಾಗಿಲು ಹಾಕ್ಕೊಂಡು ಕೂತಿರ್ತಾರೆ ಮೇಡಂ. ಊಟಕ್ಕೆ ಮಾತ್ರ ಆಚೆ ಬರ್ತಾರೆ. ಪಾಪು ಬಾಗಿಲು ಬಡೀತಾನೇ ಇರ್ತಾಳೆ. ಅವರಿಗೆ ಹೆಂಗೆ ಕೇಳಿಸ್ಬೇಕು ಹೇಳಿ." ಅವರು ಅಂಗಡಿ ಮುಚ್ಚಿ ಮನೆಯಲ್ಲೇ ಇದ್ದರು.

ಅವತ್ತು ಕೆಲಸ ಮುಗಿಸಿ ನೇರವಾಗಿ ಅಲ್ಲಿಗೇ ಹೋದೆ. ತಪ್ಪು ನನ್ನದೂ ಆಗಿತ್ತು. ಶಾಲೆಗೆ ವಿವರಿಸಿದೆ, ಅಪ್ಪ ಅಮ್ಮನಿಗೆ ವಿವರಿಸಿದೆ, ಅಜ್ಜಿಯ ಎದುರು ಮಾತ್ರ ಕೂತು ಹೇಳಿರಲಿಲ್ಲ. ಎಲ್ಲರಂತೆ ನಾನೂ ಅವರನ್ನು ಬಿಟ್ಟು ಮುಂದೆ ಹೋಗಿದ್ದೆ.

ಅಜ್ಜಿ ರಾತ್ರಿ ಊಟಕ್ಕೆಂದು ಬಾಗಿಲು ತೆರೆದಾಗ ಒಳಗೆ ಹೋಗಿ ಅವರ ಎದುರು ಮಂಚದ ಮೇಲೆ ಕೂತೆ. ಮಗು ನನ್ನ ಹಿಂದೆಯೇ ನುಗ್ಗಿ ಅಜ್ಜಿಯ ಮಡಿಲು ಸೇರಿಕೊಂಡಳು. ಅಜ್ಜಿ ಅವಳನ್ನು ಅಪ್ಪಿಕೊಳ್ಳದೆ ಕೈ ಪಕ್ಕಕ್ಕಿಟ್ಟುಕೊಂಡರು. ಎಷ್ಟೋ ವರ್ಷ ಬಳಸದೆ ಒರಟಾಗಿದ್ದ ದನಿಯಲ್ಲಿ ಅಂದರು: "ನಾನೇ ಅಲ್ವೇನಮ್ಮ ಮಗೂನ ಮೂಗಿ ಮಾಡಿದ್ದು."

"ಅಲ್ಲ ಅಜ್ಜಿ" ಎಂದೆ. ನನ್ನ ತುಟಿ ಅವರಿಗೆ ಹೊಸದು, ಅರ್ಥವಾಗಲಿಲ್ಲ. ನಿಧಾನವಾಗಿ ಮತ್ತೆ ಹೇಳಿದೆ. ಮೂರನೇ ಸಲಕ್ಕೆ ಹಿಡಿದುಕೊಂಡರು. "ನನ್ನ ಹತ್ರ ಬರೋ ಎಷ್ಟೋ ಮಕ್ಕಳು ಮುಖ ಎತ್ತಿ ನೋಡಲ್ಲ. ಇವಳು ನೋಡದೆ ಒಂದು ಮಾತೂ ಆಡಲ್ಲ. ಅದನ್ನ ಕಲಿಸಿದ್ದು ನೀವು. ಇನ್ನು ದನಿ ಒಂದು ಬೇಕು. ಅದಕ್ಕೂ ನೀವೇ ಬೇಕು. ನೀವು ಬಾಗಿಲು ಹಾಕ್ಕೊಂಡ್ರೆ ಇರೋದೂ ಹೋಗುತ್ತೆ."

ಮಗು ಅವರ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅವಳು ಏನೆಂದಳೋ ನನಗೆ ತಿಳಿಯಲಿಲ್ಲ. ಅಜ್ಜಿ ಕಣ್ಣೊರೆಸಿಕೊಂಡು ಸೊಸೆಯನ್ನು ಕರೆದು, ಬೀರುವಿನಲ್ಲಿದ್ದ ಕಿವಿ ಮಿಷನ್ನು ತರಲು ಹೇಳಿದರು. ಮಗ ಎಂದೋ ಕೊಡಿಸಿದ್ದು. ಗುಂಯ್ ಗುಂಯ್ ಎನ್ನುತ್ತದೆಂದು ಎರಡೇ ದಿನಕ್ಕೆ ತೆಗೆದಿಟ್ಟಿದ್ದರಂತೆ.

ನಾವು ಮಾಡಿಕೊಂಡ ಏರ್ಪಾಡು ಸರಳವಾಗಿತ್ತು. ಮಿಷನ್ನನ್ನು ಮತ್ತೆ ಸರಿಹೊಂದಿಸಿಕೊಡಲು ಅದನ್ನು ಬಲ್ಲವರ ಹತ್ತಿರ ಕಳಿಸಿದೆ. ದಿನಾ ಸಂಜೆ ಒಂದು ಗಂಟೆ ಅಜ್ಜಿ ಅದನ್ನು ಹಾಕಿಕೊಳ್ಳಬೇಕು. ಆ ಹೊತ್ತಿನಲ್ಲಿ ಮಗು ದನಿ ತೆಗೆದು ಕೇಳಿದರೆ ಮಾತ್ರ ಉತ್ತರ ಕೊಡಬೇಕು, ಕೊಡುವ ಉತ್ತರವೂ ದನಿಯಲ್ಲೇ ಇರಬೇಕು. ಜೋರಾಯಿತು ಎಂದು ಮನೆಯಲ್ಲಿ ಯಾರೂ ಅನ್ನಬಾರದು. ಉಳಿದ ಹೊತ್ತು ಅವರಿಬ್ಬರೂ ತಮಗೆ ಬೇಕಾದಂತೆ ಮಾತಾಡಿಕೊಳ್ಳಬಹುದು. ಮೊದಲ ವಾರ ಅಜ್ಜಿಗೆ ತಲೆನೋವು ಬಂತು, ಕುಕ್ಕರ್ ಕೂಗಿದರೆ ಬೆಚ್ಚಿಬೀಳುತ್ತಿದ್ದರು. ಆದರೂ ಒಂದು ದಿನವೂ ತಪ್ಪಿಸಲಿಲ್ಲ.

ಕೇಂದ್ರ, ಮನೆ, ಶಾಲೆ ಮೂರೂ ಕಡೆ ಕಂಡದ್ದನ್ನು ವರದಿಯಲ್ಲಿ ಇದ್ದ ಹಾಗೆ ಬರೆದು, ಕಾಯಿಲೆಯ ಹೆಸರು ಬರೆಯುವ ಜಾಗವನ್ನು ಖಾಲಿ ಬಿಟ್ಟೆ. ಹಿರಿಯ ಮೇಡಂ ಒಂಬತ್ತೂ ಪುಟ ಓದಿದರು. "ಇಷ್ಟುದ್ದ ಯಾರಮ್ಮ ಓದ್ತಾರೆ" ಎನ್ನುತ್ತಾ ನನ್ನ ಸೈನಿನ ಕೆಳಗೆ ತಮ್ಮದನ್ನೂ ಹಾಕಿದರು.

ಮೊದಲ ತಿಂಗಳು ಶಾಲೆಯಲ್ಲಿ ಏನೂ ಬದಲಾಗಲಿಲ್ಲ. ಪ್ರತಿ ಬುಧವಾರ ಹೋಗಿ ಕೂತು ಖಾಲಿ ಕೈಯಲ್ಲಿ ಬರುತ್ತಿದ್ದೆ. ಒಂದೆರಡು ಸಲ ನನಗೇ ಅನುಮಾನವಾಯಿತು. ಎರಡನೇ ತಿಂಗಳಲ್ಲಿ ಅವಳು ಒಬ್ಬ ಹುಡುಗನ ಭುಜ ತಟ್ಟಿದಳು. ಅವನು ತಿರುಗಿದ. ಅವಳು ಏನೂ ಹೇಳದೆ ಓಡಿಹೋದಳು. ಮುಂದಿನ ಬುಧವಾರ ಮತ್ತೆ ತಟ್ಟಿ, "ನಿನ್ನ ಡಬ್ಬೀಲಿ ಏನು?" ಎಂದು ಕೇಳಿದಳು. ದನಿ ತುಸು ಜೋರಾಗಿಯೇ ಇತ್ತು, ಅಜ್ಜಿಯದರಂತೆ.

ಮೂರು ತಿಂಗಳು ಮುಗಿಯಲು ನಾಲ್ಕು ದಿನವಿದ್ದಾಗ ಟೀಚರ್ ಫೋನ್ ಮಾಡಿದರು. "ಮೇಡಂ, ಇವತ್ತು ಅವಳು ಹೊಡೆದಳು. ನಿಜವಾಗ್ಲೂ ಹೊಡೆದಳು" ಎಂದರು. ಕೆಂಪು ಕ್ರೆಯಾನ್ ಕಿತ್ತುಕೊಂಡವಳ ಬೆನ್ನಿಗೆ ಒಂದು ಗುದ್ದಿ, "ನಂದು ಅದು, ಕೊಡು" ಎಂದು ಇಡೀ ತರಗತಿಗೆ ಕೇಳುವಂತೆ ಕೂಗಿದಳಂತೆ. ಆಮೇಲೆ ಇಬ್ಬರೂ ಅತ್ತು, ಒಂದೇ ಡೆಸ್ಕಿನಲ್ಲಿ ಕೂತು ಊಟ ಮಾಡಿದರಂತೆ. ಟೀಚರ್ ಇಬ್ಬರನ್ನೂ ಗದರಿದ್ದರು, ಬೇರೆ ಯಾವ ಮಕ್ಕಳನ್ನಾದರೂ ಗದರುವ ಹಾಗೆ.

ಅವಳಿಗೆ ಮುಂದಿನ ವರ್ಷದ ಸೀಟು ಸಿಕ್ಕಿತು. ಅಡ್ಮಿಷನ್ ದಿನ ಅವಳನ್ನು ಶಾಲೆಗೆ ಕರೆದುಕೊಂಡು ಹೋದದ್ದು ಅಜ್ಜಿ ಎಂದು ಅವಳ ಅಮ್ಮ ಹೇಳಿದರು.