ಅರವತ್ತೊಂದನೇ ದಿನದ ಬಿಲ್ಲು

ನಂಜನಗೂಡಿನ ಖಾಸಗಿ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಮನೆ ತಿ. ನರಸೀಪುರದಲ್ಲಿ, ಓಡಾಟ ಬಸ್ಸಿನಲ್ಲಿ. ಇಷ್ಟು ವರ್ಷಗಳಲ್ಲಿ ಕುರ್ಚಿಯಿಂದ ಎದ್ದು ಮಹಡಿಗೆ ಓಡಿದ್ದು ಒಂದೇ ಸಲ. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ತಗಡೂರು ಕಡೆಯ ಹೆಂಗಸೊಬ್ಬರು ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವರು. ಸ್ಟ್ರೋಕ್ ಹೊಡೆದು ಅವರ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಗಳು ತಾಂಡವಪುರದ ಹತ್ತಿರ ಕಾರ್ಖಾನೆಗೆ ಹೋಗುತ್ತಿದ್ದಳು. ಅವಳ ಕಂಪನಿಯ ವಿಮೆಯಲ್ಲಿ ತಾಯಿಯ ಹೆಸರೂ ಇತ್ತು. ಆಸ್ಪತ್ರೆಯ ಖರ್ಚು ಅದರಲ್ಲೇ ಕಳೆಯಿತು. ಡಿಸ್ಚಾರ್ಜ್ ಆದಮೇಲೆ ಅರವತ್ತು ದಿನ ಫಿಸಿಯೋಥೆರಪಿಗೂ ವಿಮೆಯೇ ಕೊಡುತ್ತಿತ್ತು. ಅರವತ್ತೊಂದನೇ ದಿನದಿಂದ ಕೈಯಿಂದ ಕಟ್ಟಬೇಕು.

ಹಿಂದೊಮ್ಮೆ ಇನ್ನೊಬ್ಬ ರೋಗಿಗೆ ವಿಮೆ ಮುಗಿದದ್ದನ್ನು ತಿಳಿಸದೆ ತಿಂಗಳ ಬಿಲ್ಲನ್ನು ಒಟ್ಟಿಗೆ ಕೊಟ್ಟಿದ್ದೆ. ಆತ ಕೌಂಟರಿನ ಮುಂದೆಯೇ ನೆಲಕ್ಕೆ ಕುಳಿತುಬಿಟ್ಟಿದ್ದರು. ಅಂದಿನಿಂದ ಮೊದಲೇ ಹೇಳುವುದು ನನ್ನ ಅಭ್ಯಾಸ. ಐವತ್ತೈದನೇ ದಿನ ಮಗಳನ್ನು ಕರೆದೆ. ಅವಳು ಬಂದದ್ದೇ ಕುಣಿಯುತ್ತ.

"ಮೇಡಮ್, ಅವ್ವ ಬೆಳಿಗ್ಗೆ ಗ್ವಾಡೆ ಇಡ್ಕಂಡು ಎಲ್ಡೆಜ್ಜೆ ಆಕ್ಬುಟ್ಲು ಕಣ್ರೀ!"

ಆ ಮುಖಕ್ಕೆ ನಾನು ಹೇಳಬೇಕಾಗಿದ್ದು ಇದು: "ಇನ್ನು ಐದು ದಿನಕ್ಕೆ ವಿಮೆ ಮುಗಿಯುತ್ತೆ ಕಣಮ್ಮ. ಆಮೇಲೆ ಒಂದು ಸಲಕ್ಕೆ ನಾನೂರು ರೂಪಾಯಿ."

"ದಿನಾ ನಾನೂರಾ? ಎಲ್ಲಿಂದ ತರದು? ಈಗ ನಿಲ್ಲುಸ್ಬುಟ್ರೆ ಅವ್ವ ಮತ್ತೆ ಮಲಿಕಬುಡ್ತಾಳೆ."

ಅವಳು ಹೋದಮೇಲೆ ಸುಮ್ಮನಿರಲಾಗಲಿಲ್ಲ. ವಿಮೆ ಮುಗಿಯುತ್ತಲೇ ಬರುವುದನ್ನು ಬಿಟ್ಟವರು ಯಾರ್‍ಯಾರು ಎಂದು ಕಂಪ್ಯೂಟರಿನಲ್ಲಿ ಹುಡುಕಿದೆ. ಇದೇ ಕಾಯಿಲೆಯ ಮೂವರು ಸಿಕ್ಕರು. ಮೂವರೂ ಇನ್ನೇನು ನಡೆಯುತ್ತಾರೆ ಎನ್ನುವಾಗ ನಿಂತುಹೋದವರು. ಈಕೆ ಸೇರಿದರೆ ನಾಲ್ಕು ಜನ! ನಾಲ್ವರಿಗೂ ಒಂದೇ ಹೊತ್ತಿನಲ್ಲಿ ಮಾಡಿಸಿದರೆ ತಲೆಗೆ ನೂರು! ಕಾಗದದಲ್ಲಿ ಗೀಚಿಕೊಂಡು ಎರಡೆರಡು ಮೆಟ್ಟಿಲು ಹಾರಿ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿ ಅದನ್ನು ಅವರ ಮುಂದಿಟ್ಟೆ. ಫಿಸಿಯೋಥೆರಪಿ ಮಾಡಿಸುವ ಹುಡುಗಿಯೂ ಅಲ್ಲೇ ಇದ್ದಳು.

"ಒಟ್ಟಿಗೆ ನಾಲ್ವರಾ? ಯಾರಾದರೂ ಬಿದ್ದರೆ?" ಎಂದರು ಡಾಕ್ಟರು.

ಆ ಹುಡುಗಿ ನನಗಿಂತ ಮುಂಚೆ ಬಾಯಿಬಿಟ್ಟಳು. "ಮನೆಯವರು ಒಬ್ಬೊಬ್ಬರು ಜೊತೇಲಿದ್ರೆ ನಾನು ಮಾಡಿಸ್ತೀನಿ ಸಾರ್."

ಡಾಕ್ಟರು ಕಾಗದವನ್ನು ಎರಡು ಸಲ ಓದಿದರು. "ಒಂದು ತಿಂಗಳು ನೋಡೋಣ. ಆದರೆ ನಮ್ಮ ಬಿಲ್ಲಿನಲ್ಲಿ ಇಂಥ ಬಾಬ್ತೇ ಇಲ್ಲವಲ್ಲ?"

"ಈಗಲೇ ಸೇರಿಸ್ತೀನಿ ಸಾರ್!"

ಕೆಳಗೆ ಬಂದು ಮಗಳಿಗೂ ಆ ಮೂವರ ಮನೆಗೂ ಫೋನ್ ಮಾಡಿದೆ. ಸೋಸಲೆಯ ಮುದುಕರೊಬ್ಬರ ಮಗ, "ನಾಳೇನೇ ಬತ್ತೀವಿ ಸಾ!" ಎಂದು ಕೂಗಿ, "ಅಲ್ಲಲ್ಲ, ಮೇಡಮ್!" ಎಂದು ನಕ್ಕ.

ಅರವತ್ತೊಂದನೇ ದಿನ ನಾಲ್ವರೂ ಬಂದರು. ಒಬ್ಬೊಬ್ಬರೇ ಇದ್ದಾಗ ಗೋಡೆ ನೋಡಿಕೊಂಡು ಕಾಲೆತ್ತುತ್ತಿದ್ದವರಿಗೆ ಈಗ ಪೈಪೋಟಿ ಹತ್ತಿತು. ತೊದಲು ಮಾತಿನಲ್ಲಿ ಆ ತಾಯಿ, "ನಂದು ಆರೆಜ್ಜೆ ಆಯ್ತು, ನಿಮ್ದು?" ಎಂದು ಸೋಸಲೆಯವರನ್ನು ಕೆಣಕುವುದು ಕೆಳಗೆ ನನ್ನ ಕೌಂಟರಿಗೂ ಕೇಳುತ್ತಿತ್ತು. ನಾಲ್ವರಲ್ಲಿ ಒಬ್ಬರು ದೂರವಾಯಿತೆಂದು ಎರಡೇ ವಾರಕ್ಕೆ ಬರುವುದನ್ನು ಬಿಟ್ಟರು. ಮತ್ತೆ ಮತ್ತೆ ಕರೆದರೂ ಬರಲಿಲ್ಲ. ಆ ಬೇಸರ ಇದೆ. ಆದರೆ ಆ ಜಾಗಕ್ಕೆ ಬೇರೆಯವರು ಬಂದರು. ಒಂದು ತಿಂಗಳು ಎಂದಿದ್ದ ಡಾಕ್ಟರು ನಿಲ್ಲಿಸುವ ಮಾತೆತ್ತಲಿಲ್ಲ.

ಎರಡನೇ ತಿಂಗಳ ಒಂದು ಬೆಳಿಗ್ಗೆ ಆ ತಾಯಿ ಲಿಫ್ಟಿನಿಂದಿಳಿದು, ವಾಕರ್ ಹಿಡಿದು ತಾವೇ ಕೌಂಟರಿನವರೆಗೆ ಬಂದರು. ಮಗಳು ಕೈ ಕೊಡದೆ ಹಿಂದೆಯೇ ಬಂದಳು. ಚಿಕಿತ್ಸೆ ಆಯಿತೆಂದು ರೋಗಿಯ ಕಡೆಯವರು ಕಾರ್ಡಿಗೆ ಸಹಿ ಹಾಕಬೇಕು. ಎಂದಿನಂತೆ ಮಗಳ ಕಡೆ ಪೆನ್ನು ಚಾಚಿದೆ.

"ಇತ್ತ ಕೊಡವ್ವ, ನಾನೇ ಆಕ್ತೀನಿ" ಎಂದರು ತಾಯಿ.

ಬಲಗೈಯಲ್ಲೇ ಹಾಕಿದರು. ಅಕ್ಷರಗಳು ಗೆರೆ ಬಿಟ್ಟು ಮೇಲೆ ಹತ್ತಿದ್ದವು. ಸಾಲಿನಲ್ಲಿ ಹಿಂದೆ ನಿಂತವರು ಯಾರೂ ಅವಸರ ಮಾಡಲಿಲ್ಲ.