ಗೋಡೆಯ ಪರವಾಗಿ ಕೊಟ್ಟ ಮಾತು

ಬೆಂಗಳೂರಿನ ನಮ್ಮ ಕಡೆಗೆ ಫುಟ್‌ಬಾಲ್ ಹುಚ್ಚು ಯಾವತ್ತೂ ಅಷ್ಟಾಗಿ ಹತ್ತಲಿಲ್ಲ. ಅದೆಲ್ಲ ಹಲಸೂರು, ಆಸ್ಟಿನ್ ಟೌನ್ ಕಡೆಯವರ ಆಟ. ವಿಜಯನಗರ, ಚಂದ್ರಾ ಲೇಔಟ್ ಅಂದರೆ ಕ್ರಿಕೆಟ್ಟು. ಒಂದೇ ಮೈದಾನದಲ್ಲಿ ಏಳೆಂಟು ಮ್ಯಾಚ್ ಒಟ್ಟಿಗೆ ನಡೆಯುತ್ತಿದ್ದವು, ಯಾರ ಬಾಲ್ ಯಾರ ಹಲ್ಲು ಉದುರಿಸಿತು ಅಂತ ಕೇಳುವವರಿರಲಿಲ್ಲ. ಅಂಥ ಜಾಗದಲ್ಲಿ ನಾವು ಒಂದಷ್ಟು ಜನ ಫುಟ್‌ಬಾಲ್ ಹಚ್ಚಿಕೊಂಡಿದ್ದೆವು. ಆಡುವವರು ಒಂದು ಟೀಮಿಗಾಗುವಷ್ಟು, ನೋಡುವವರು ಅದರ ಮೂರರಷ್ಟು. ನಾನು ನೋಡುವವನು.

ನನ್ನ ಕಸುಬು ಹಳೇ ಬಾಗಿಲು, ಕಿಟಕಿಗಳದ್ದು. ಮನೆ ಕೆಡವುವ ಕಡೆ ಹೋಗಿ ಚೌಕಟ್ಟು, ಗ್ರಿಲ್ಲು, ಬಾಗಿಲು ಎತ್ತಿಸಿಕೊಂಡು ಬಂದು ಮೈಸೂರು ರಸ್ತೆಯ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿ ಮಾರುವುದು. ಯಾರೂ ಕೈ ಹಿಡಿದು ಕಲಿಸಲಿಲ್ಲ, ಮೋಸ ಹೋಗಿ ಹೋಗಿ ಕಲಿತೆ. ನಿಮಗೂ ಹೇಳುತ್ತೇನೆ, ಕೇಳಿ. ಚೌಕಾಸಿಗೆ ಹೋದಾಗ ನಿಮಗೆ ಬೇಕಾದ ಬಾಗಿಲನ್ನು ನೋಡಲೇಬೇಡಿ, ಅದರ ಪಕ್ಕದ್ದನ್ನು ನೋಡಿ. ಮುಟ್ಟುವುದಾದರೂ ಪಕ್ಕದ್ದನ್ನೇ ಮುಟ್ಟಿ. ಬೇಕಾದ್ದರ ಮಾತನ್ನು ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತಾ ಎತ್ತಿ. ಈ ಥರ ನಾಲಗೆ ಪಳಗಿದ್ದರಿಂದ ಟೀಮಿನ ವ್ಯವಹಾರವೆಲ್ಲ ನನ್ನ ತಲೆಗೇ ಬಿತ್ತು. ಜರ್ಸಿ ಹೊಲಿಸುವುದು, ರೆಫ್ರಿಯನ್ನು ಒಪ್ಪಿಸುವುದು, ಭಾನುವಾರ ಶಾಲೆಯ ಮೈದಾನ ಬಿಡಿಸಿಕೊಳ್ಳುವುದು, ಎಲ್ಲವೂ.

ಆ ಮೈದಾನಕ್ಕೆ ಒಂದು ಉದ್ದನೆಯ ಕಾಂಪೌಂಡ್ ಗೋಡೆ. ನಾವು ಅದರ ಮೇಲೆ ಕೂತು ಮ್ಯಾಚ್ ನೋಡುತ್ತಿದ್ದೆವು. ಹಾಗಾಗಿ ನಮ್ಮ ಹೆಸರೇ ‘ಗೋಡೆ’ ಅಂತಾಯಿತು. ‘ಇವತ್ತು ಗೋಡೆ ಫುಲ್ ಜೋರಾಗಿದೆ’ ಅನ್ನುತ್ತಿದ್ದರು ಆಟಗಾರರು. ಗೋಡೆಗೆ ಒಂದು ಪದ್ಧತಿ ಇತ್ತು. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಸದ್ದು. ಲೆಫ್ಟ್ ವಿಂಗಿನವನು ಓಡಿದರೆ ಸೀಟಿ. ಬ್ಯಾಕಿನವನು ಯಾರನ್ನಾದರೂ ಕೆಡವಿದರೆ ‘ಅಯ್ಯಯ್ಯೋ’. ನಮ್ಮ ಗೋಲ್‌ಕೀಪರ್ ಬಾಲ್ ಹಿಡಿದನೆಂದರೆ ಎಲ್ಲರೂ ಒಟ್ಟಿಗೆ ‘ಹೋಯ್!’ ಆ ‘ಹೋಯ್’ ನಾಗರಬಾವಿ ತನಕ ಕೇಳಿಸುತ್ತೆ ಅಂತ ನಾವೇ ಕೊಚ್ಚಿಕೊಳ್ಳುತ್ತಿದ್ದೆವು.

ಈ ಗೋಲ್‌ಕೀಪರ್ ಆರಡಿ ಮೇಲಿದ್ದ. ಹಗಲು ಟೈಲ್ಸ್ ಕೂರಿಸುವ ಕೆಲಸ. ಅವನ ತಾಯಿ ರಾಯಚೂರು ಕಡೆಯವಳು. ಇವನನ್ನು ಕಂಕುಳಲ್ಲಿ ಎತ್ತಿಕೊಂಡು ಕಟ್ಟಡದ ಕೆಲಸಕ್ಕೆ ಬಂದವಳು ಇಲ್ಲೇ ಉಳಿದುಬಿಟ್ಟಿದ್ದಳು. ಮೈದಾನದ ಹಿಂದೆ ಕೊಳಚೆ ನೀರು ಹರಿಯುವ ರಾಜಕಾಲುವೆ, ಅದರ ದಂಡೆಯಲ್ಲಿ ಅವರ ತಗಡಿನ ಮನೆ, ಮನೆ ಪಕ್ಕ ಅವಳು ಸಾಕಿದ ಹಂದಿಗಳು. ಇದು ನಮಗೆಲ್ಲ ಗೊತ್ತಿದ್ದ ವಿಷಯ. ಯಾರೂ ಅದನ್ನು ಎತ್ತಿ ಆಡಿರಲಿಲ್ಲ.

ಆ ವರ್ಷ ಟೂರ್ನಮೆಂಟಿನಲ್ಲಿ ನಾವು ಸೆಮಿಫೈನಲ್ ಮುಟ್ಟಿದ್ದೆವು. ಎದುರಾಳಿ ಮಹಾಲಕ್ಷ್ಮಿ ಲೇಔಟಿನ ಟೀಮು. ಟೂರ್ನಮೆಂಟ್ ನಡೆಸುತ್ತಿದ್ದವರು ಅದೇ ಶಾಲೆಯ ಪಿ.ಟಿ. ಮೇಷ್ಟ್ರು. ಅವರು ಒಂದು ಫ್ಯಾಕ್ಟರಿ ಟೀಮಿನ ಅಧಿಕಾರಿಯನ್ನು ಸೆಮಿಫೈನಲ್‌ಗೆ ಬರಲು ಒಪ್ಪಿಸಿದ್ದರು. ಅವರ ಟೀಮಿಗೆ ಕೀಪರ್ ಬೇಕಿತ್ತು. ಆಯ್ಕೆಯಾದರೆ ಫ್ಯಾಕ್ಟರಿಯಲ್ಲೇ ಕೆಲಸ, ಕ್ಯಾಂಟೀನು, ಯೂನಿಫಾರಂ, ಎಲ್ಲ ಪರ್ಮನೆಂಟು. ನಮ್ಮ ಕೀಪರಿಗೆ ಮುಂದಿನ ವರ್ಷ ವಯಸ್ಸು ಮೀರುತ್ತಿತ್ತು. ಇದೇ ಕೊನೆಯ ಅವಕಾಶ ಅಂತ ಅವನಿಗೂ ಗೊತ್ತಿತ್ತು, ಗೋಡೆಗೂ ಗೊತ್ತಿತ್ತು.

ಸೆಮಿಫೈನಲ್‌ಗೆ ಒಂದು ವಾರ ಇದೆ ಅನ್ನುವಾಗ ಹಂದಿಜ್ವರದ ಸುದ್ದಿ ನಮ್ಮ ಕಡೆಗೂ ಬಂತು. ಎರಡು ಸಾವಿರದ ಒಂಬತ್ತರ ಮಳೆಗಾಲ. ಮೆಡಿಕಲ್ ಸ್ಟೋರುಗಳಲ್ಲಿ ಮಾಸ್ಕ್ ಖಾಲಿಯಾಗಿ ಜನ ಕರ್ಚೀಫು ಕಟ್ಟಿಕೊಂಡು ಓಡಾಡಿದರು. ಹೆಂಗಸರು ಏಲಕ್ಕಿ, ಕರ್ಪೂರ ಕುಟ್ಟಿ ಬಟ್ಟೆಯಲ್ಲಿ ಗಂಟು ಕಟ್ಟಿ ಮಕ್ಕಳ ಮೂಗಿಗೆ ಹಿಡಿದರು. ಬಸ್ಸಿನಲ್ಲಿ ಒಬ್ಬ ಸೀನಿದರೆ ಅರ್ಧ ಬಸ್ಸು ಅವನ ಮುಖ ನೋಡುತ್ತಿತ್ತು. ಶಾಲೆಗೆ ರಜಾ ಕೊಟ್ಟರು, ಗೇಟಿಗೆ ಬೀಗ ಬಿತ್ತು. ಬೀಗದ ಪಕ್ಕದಲ್ಲಿ ಮೇಷ್ಟ್ರ ಕೈಬರಹದ ಚೀಟಿ: ‘ಮುಂದಿನ ಆದೇಶದವರೆಗೆ ಪಂದ್ಯಗಳು ಇರುವುದಿಲ್ಲ.’

ಮ್ಯಾಚ್ ಇಲ್ಲದಿದ್ದರೂ ಭಾನುವಾರ ಗೋಡೆ ಬಂತು. ಎಲ್ಲಿಗೆ ಹೋಗಬೇಕೋ ಯಾರಿಗೂ ಗೊತ್ತಿರಲಿಲ್ಲ. ಖಾಲಿ ಮೈದಾನ ನೋಡುತ್ತಾ ಸಾಲಾಗಿ ಕೂತೆವು. ಗೋಲ್ ಕಂಬದ ಹತ್ತಿರ ಒಂದು ಕಾಗೆ ಕುಪ್ಪಳಿಸುತ್ತಿತ್ತು.

“ಮಗಾ, ಕಾಗೆ ಆಫ್‌ಸೈಡು.”

“ಅದು ಮಹಾಲಕ್ಷ್ಮಿ ಲೇಔಟ್ ಕಾಗೆ ಕಣೋ, ಹಂಗೇ ಅದು.”

ಹೀಗೇ ಒಂದಿಷ್ಟು ಹೊತ್ತು. ಆಮೇಲೆ ಜೋಕುಗಳೂ ಮುಗಿದವು. ಒಬ್ಬನ ಕೈಯಲ್ಲಿ ಪೇಪರ್ ಇತ್ತು. ‘ಹಂದಿಜ್ವರ’ ಅಂತ ದಪ್ಪಕ್ಷರದ ಹೆಡ್ಡಿಂಗು. ಅವನು ಅದನ್ನು ಗಟ್ಟಿಯಾಗಿ ಓದಿ ತಲೆ ಎತ್ತಿ ರಾಜಕಾಲುವೆ ಕಡೆ ನೋಡಿದ. ಅವನು ನೋಡಿದ ಕಡೆ ಎಲ್ಲರೂ ನೋಡಿದೆವು. ತಗಡಿನ ಮನೆ ಅಲ್ಲಿಂದ ಚೆನ್ನಾಗಿಯೇ ಕಾಣುತ್ತಿತ್ತು. ಯಾರೋ ಗಂಟಲಲ್ಲಿ ಮೆಲ್ಲಗೆ ‘ಗುರ್ರ್’ ಅಂದ. ಗೋಡೆ ನಕ್ಕಿತು. ನಾನೂ ನಕ್ಕೆ. ಅವತ್ತಿನ ಜೋಕುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನಗು ಬಂದದ್ದು ಅದಕ್ಕೇ.

ನಮ್ಮ ಬೀದಿಯ ಡಾಕ್ಟರನ್ನು ಕೇಳಿದೆ. “ಹೆಸರು ಹಂಗಿದೆ ಅಷ್ಟೇ ರೀ. ಈಗ ಹರಡ್ತಾ ಇರೋದು ಮನುಷ್ಯನಿಂದ ಮನುಷ್ಯನಿಗೆ. ಕಾಲುವೆ ಹಂದಿಗೂ ಇದಕ್ಕೂ ಸಂಬಂಧ ಇಲ್ಲ” ಅಂದರು. ಗೋಡೆಗೆ ಬಂದು ಹಾಗೇ ಹೇಳಿದೆ. ಹೆಸರಿನ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ಹಲಸಿನ ಮರದ ಬಾಗಿಲಿಗೆ ‘ಹಳೇ ಕಾಲದ್ದು’ ಅಂತ ಎರಡು ಪದ ಸೇರಿಸಿದರೆ ಗಿರಾಕಿ ಅದನ್ನು ನೋಡುವ ರೀತಿಯೇ ಬದಲಾಗುತ್ತೆ. ಆದರೂ ಡಾಕ್ಟರ ಮಾತು ಸಾಕು ಅಂದುಕೊಂಡಿದ್ದೆ. ಸಾಕಾಗಲಿಲ್ಲ. ಅವರ ಭಾನುವಾರ ಹಾಳಾಗಿತ್ತು, ಅದಕ್ಕೊಂದು ಮುಖ ಬೇಕಿತ್ತು.

ಮುಂದಿನ ಭಾನುವಾರ ಗೋಲ್‌ಕೀಪರ್ ಬಂದು ಗೋಡೆ ಹತ್ತಿ ಕೂತ. ಅವನ ಎಡಗಡೆಯವನು ಒಂದು ಮೊಳ ಸರಿದ. ಬಲಗಡೆಯವನೂ ಸರಿದ.

“ಯಾಕ್ರೋ, ನನ್ ಮೈ ವಾಸ್ನೆನಾ?” ಅಂದ ನಗುತ್ತಾ.

“ಇಲ್ಲ ಮಗಾ, ದೂರ ದೂರ ಕೂತ್ಕೊಳಿ ಅಂತ ಟಿವಿಲೇ ಹೇಳ್ತಾವ್ರೆ.”

“ನೀವ್ ನೀವು ಅಂಟ್ಕೊಂಡೇ ಇದೀರಲ್ಲ.”

ಗೋಡೆಯ ಆ ತುದಿಯಿಂದ ‘ಗುರ್ರ್’ ಬಂತು. ಅವನು ಸ್ವಲ್ಪ ಹೊತ್ತು ಕೂತಿದ್ದು ಇಳಿದು ಹೋದ.

ಶಾಲೆ ಮತ್ತೆ ತೆರೆದ ಮೇಲೆ ಮೇಷ್ಟ್ರು ನನ್ನನ್ನು ಕರೆಸಿದರು. ಸೆಮಿಫೈನಲ್ ಆಡಿಸಬಹುದು, ಆದರೆ ಮಹಾಲಕ್ಷ್ಮಿ ಲೇಔಟಿನವರು ತಕರಾರು ಮಾಡುತ್ತಿದ್ದಾರೆ, ಮಕ್ಕಳ ತಂದೆತಾಯಂದಿರೂ ದೂರು ಬರೆದುಕೊಟ್ಟಿದ್ದಾರೆ. ಒಂದೋ ಆ ಹಂದಿಗಳು ಅಲ್ಲಿಂದ ಹೋಗಬೇಕು, ಇಲ್ಲ ಆ ಹುಡುಗ ಆಡಬಾರದು. “ನೀವೇ ಏನಾದ್ರೂ ಮಾತಾಡಿ ಬಗೆಹರಿಸಿ. ಆ ಆಫೀಸರು ಇನ್ನೊಂದು ಸಲ ಬರ್ತಾರೋ ಇಲ್ವೋ” ಅಂದರು ಮೇಷ್ಟ್ರು. ನನಗೆ ಹೆಮ್ಮೆ ಆಯಿತು. ಸುಳ್ಳು ಹೇಳುವುದಿಲ್ಲ. ಎರಡು ಕಡೆಯವರು ಪಟ್ಟು ಹಿಡಿದಿರುವ ಕಡೆ ನನ್ನನ್ನು ಕರೆದರೆ ನನಗೆ ಯಾವಾಗಲೂ ಹೆಮ್ಮೆಯೇ.

ಕಾಲುವೆ ದಂಡೆಗೆ ಹೋದೆ. ಮಗ ಕೆಲಸಕ್ಕೆ ಹೋಗಿದ್ದ. ತಾಯಿ ದರ್ಶಿನಿ ಹೋಟೆಲಿನಿಂದ ತಂದ ಮುಸುರೆಯನ್ನು ತೊಟ್ಟಿಗೆ ಸುರಿಯುತ್ತಿದ್ದಳು. ವಿಷಯ ಹೇಳಿದೆ.

“ಯಣ್ಣಾ, ನನ್ ಹಂದಿಗೆ ಜ್ವರ ಬಂದದೇನು? ಬಾ, ನೀನೇ ಮುಟ್ಟಿ ನೋಡು. ತಣ್ಣಗ ಅದಾವ.”

“ಜ್ವರ ಇಲ್ಲ ಅಂತ ನನಗೂ ಗೊತ್ತಮ್ಮ. ಜನಕ್ಕೆ ಹೇಳೋರು ಯಾರು?”

“ಜನ ಜನ ಅಂತಿ. ಅವರೇ ಅಲ್ಲೇನು ಹಬ್ಬ ಬಂದ್ರ ಹಿಂದಿನ ಬಾಗಿಲಿಗೆ ಬಂದು ಎರಡು ಕೇಜಿ ಕೊಡು ಅಂತ ಕೇಳಾವ್ರು? ನಿನ್ ಗ್ವಾಡಿ ಮ್ಯಾಲಿನವರು ಎಷ್ಟ್ ಮಂದಿ ಬಂದಾರ, ಹೇಳ್ಲೇನು?”

ಅದು ನಿಜವಿತ್ತು. ನಾನು ಮಾತು ತಿರುಗಿಸಿದೆ. ಮಗನಿಗೆ ಫ್ಯಾಕ್ಟರಿ ಕೆಲಸ ಆದರೆ ನಿನಗೆ ಈ ಮುಸುರೆ ಹೊರುವ ಗೋಳು ಯಾಕೆ ಅಂದೆ. ಪಕ್ಕದ ಬಾಗಿಲನ್ನು ಮುಟ್ಟುವುದು ಅಂದರೆ ಇದೇ. ಅವಳು ಬಕೆಟ್ ಕೆಳಗಿಟ್ಟಳು.

“ಕೆಲ್ಸ ಆಗ್ತದಂತ ನೀ ಹೇಳ್ತಿ?”

“ಮ್ಯಾಚ್ ಆಡ್ತಾನೆ. ಅದು ನನ್ನ ಮಾತು. ಅವನಿಗೆ ಇನ್ಮೇಲೆ ಯಾರೂ ಏನೂ ಅನ್ನಲ್ಲ. ಅದೂ ನನ್ನ ಮಾತು.”

ಅವಳು ನನ್ನ ಮುಖವನ್ನೇ ನೋಡಿದಳು. “ನೀ ಅಂದಿ ಅಂದ್ರ ಆತು” ಅಂದಳು. ಇಷ್ಟು ಬೇಗ ಒಪ್ಪಿದವರನ್ನು ನನ್ನ ಕಸುಬಿನಲ್ಲಿ ನಾನು ಕಂಡಿಲ್ಲ.

ಕೆಂಗೇರಿ ಕಡೆಯ ಹಂದಿ ವ್ಯಾಪಾರಿಯೊಬ್ಬನನ್ನು ನಾನೇ ಹುಡುಕಿ ಕರೆತಂದೆ. ಅವನು ಟೆಂಪೋ ತಂದು ಹಂದಿಗಳ ಕಾಲು ಕಟ್ಟಿ ಏರಿಸಿದ. ಅವು ಕಿರುಚಿದ ಕಿರುಚಾಟ ಇಡೀ ಲೇಔಟಿಗೆ ಕೇಳಿಸಿತು. ಗೋಡೆ ತುಂಬಾ ಜನ ಕೂತು ನೋಡಿದರು, ಮ್ಯಾಚಿಗೆ ಕೂತ ಹಾಗೆ. ಒಂದೊಂದು ಹಂದಿ ಏರಿದಾಗಲೂ ‘ಗುರ್ರ್’. ಅವಳು ತಿರುಗಿ ನೋಡಲಿಲ್ಲ. ಖಾಲಿ ತೊಟ್ಟಿಗೆ ನೀರು ಹಾಕಿ ಉಜ್ಜಿ ತೊಳೆಯುತ್ತಿದ್ದಳು. ಯಾಕೆ ತೊಳೆದಳೋ.

ಅವತ್ತು ಸಂಜೆ ಮಗ ನನ್ನ ಶೆಡ್ಡಿಗೆ ಬಂದ. ಕೈಯಲ್ಲಿ ಸಿಮೆಂಟ್ ಒಣಗಿತ್ತು.

“ಅಣ್ಣ, ನಮ್ಮವ್ವಂಗೆ ಏನ್ ಹೇಳಿದ್ರಿ?”

“ನೀನು ಆಡ್ತೀಯ ಅಂದೆ.”

“ಆಡ್ತೀನಾ?”

“ಆಡ್ತೀಯ ಕಣೋ.”

“ಅವ್ರು ಹಂಗ್ ಕೂಗಲ್ವಾ?”

“ಕೂಗಲ್ಲ.”

“ಸರಿ ಅಣ್ಣ” ಅಂದು ಹೋದ.

ಮ್ಯಾಚಿನ ದಿನ ಫ್ಯಾಕ್ಟರಿ ಅಧಿಕಾರಿ ಬಂದರು. ನಗುಮುಖದ ಮನುಷ್ಯ. ಒಂದು ಕಾಲದಲ್ಲಿ ಅವರೂ ಆಡಿದವರಂತೆ. ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ನನ್ನ ಪಕ್ಕ ಕೂರಿಸಿಕೊಂಡೆ. ಗೋಡೆ ಹಿಂದೆಂದೂ ಇಲ್ಲದಷ್ಟು ತುಂಬಿತ್ತು. ಮೂರು ಭಾನುವಾರದ ಹಸಿವು ಅದು. ಅರ್ಧಕ್ಕರ್ಧ ಜನ ಕರ್ಚೀಫು ಕಟ್ಟಿದ್ದರು.

ಮಹಾಲಕ್ಷ್ಮಿ ಲೇಔಟಿನವರ ಮೊದಲ ಹೊಡೆತವನ್ನು ನಮ್ಮವನು ಹಾರಿ ಹಿಡಿದ. ಎಂಥ ಹಿಡಿತ! ಗೋಡೆಯಿಂದ ಒಟ್ಟಾಗಿ, ಒಂದೇ ದನಿಯಲ್ಲಿ, ‘ಹೋಯ್’ ಬರಬೇಕಾದ ಕಡೆ ‘ಗುರ್ರ್’ ಬಂತು. ಅವನು ಬಾಲನ್ನು ಎದೆಗೆ ಒತ್ತಿಕೊಂಡು ಒಂದು ಗಳಿಗೆ ಹಾಗೇ ಬಿದ್ದಿದ್ದ. ಎದುರಾಳಿ ಕಡೆಯವರು ಸುಮ್ಮನಿದ್ದರು. ಕೂಗುತ್ತಿದ್ದದ್ದು ನಮ್ಮವರು.

ಗೋಡೆಗೆ ಓಡಿದೆ. “ಏಯ್, ನಿಲ್ಲಿಸ್ರೋ! ಆ ತಾಯಿಗೆ ನಾನು ಮಾತು ಕೊಟ್ಟಿದೀನಿ!”

“ಮಾತು ಕೊಟ್ಟಿದ್ದು ನೀವು ಅಣ್ಣ, ನಾವಲ್ಲ.”

“ಹಂದಿ ಹೋಯ್ತಲ್ಲೋ, ಇನ್ನೂ ಯಾಕ್ರೋ?”

“ಅಯ್ಯೋ, ಕೋಪಕ್ಕಲ್ಲ ಅಣ್ಣ, ಲಕ್ಕಿಗೆ. ನೋಡಿ, ಒಂದ್ ಗೋಲೂ ಹೋಗಿಲ್ಲ. ಈಗ ನಿಲ್ಲಿಸಿದ್ರೆ ದೃಷ್ಟಿ ತಾಗುತ್ತೆ.”

ಅವರು ನಿಜವಾಗಿಯೂ ಹಾಗೇ ನಂಬಿದ್ದರು. ಅವರ ಕಣ್ಣಲ್ಲಿ ದ್ವೇಷ ಇರಲಿಲ್ಲ. ಇದ್ದಿದ್ದರೆ ಏನಾದರೂ ಕೊಟ್ಟು, ಬಿಟ್ಟು, ಬಗೆಹರಿಸಬಹುದಿತ್ತು. ಇದನ್ನು ಓದುವವರಿಗೆ ನನ್ನದೊಂದು ಬುದ್ಧಿಮಾತು. ಒಬ್ಬನ ಪರವಾಗಿ ಮಾತು ಕೊಡಿ, ಮನೆಯವರ ಪರವಾಗಿ ಕೊಡಿ, ಬೇಕಾದರೆ ಶತ್ರುವಿನ ಪರವಾಗಿ ಕೊಡಿ. ಗುಂಪಿನ ಪರವಾಗಿ ಮಾತ್ರ ಕೊಡಬೇಡಿ. ಆಮೇಲೆ ಕೇಳೋಣ ಅಂದರೆ ಅದಕ್ಕೆ ಮನೆ ಬಾಗಿಲೇ ಇರುವುದಿಲ್ಲ.

ವಾಪಸ್ ಬಂದು ಕೂತೆ. ಅಧಿಕಾರಿ ನನ್ನ ಕಡೆ ಬಾಗಿದರು.

“ಏನ್ರೀ ಅದು ಸೌಂಡು? ನಿಮ್ಮ ಹುಡುಗರೇ ಅಲ್ವಾ?”

ನಾನು ಯೋಚಿಸಲಿಲ್ಲ. ಅಂಥ ಹೊತ್ತಿನಲ್ಲಿ ನನ್ನ ನಾಲಗೆ ನನಗಿಂತ ಮುಂದೆ ಓಡುತ್ತೆ. “ಅಡ್ಡಹೆಸರು ಸಾರ್. ಪ್ರೀತಿಗೆ ಹಂದಿ ಅಂತಾರೆ. ಹಂದಿ ಥರ ನುಗ್ತಾನಲ್ಲ, ಅದಕ್ಕೆ.”

“ಓಹೋ! ನಮ್ ಟೀಮಲ್ಲೂ ಎಮ್ಮೆ ಅಂತ ಒಬ್ಬ ಇದ್ದ ಕಣ್ರೀ. ಭಲೇ ಪ್ಲೇಯರ್ರು.” ಅವರು ನಕ್ಕು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಬಗೆಹರಿಯಿತು ಅಂದುಕೊಂಡೆ.

ಅವನು ಒಂದೇ ಒಂದು ಗೋಲ್ ಬಿಡಲಿಲ್ಲ. ಒಂದು ಪೆನಾಲ್ಟಿಯನ್ನೂ ತಡೆದ. ಒಂದೊಂದು ಸಲವೂ ‘ಗುರ್ರ್’, ಒಂದೊಂದು ಸಲವೂ ಇನ್ನಷ್ಟು ಜೋರಾಗಿ. ಅವನು ಗೋಡೆ ಕಡೆ ನೋಡುತ್ತಲೇ ಇರಲಿಲ್ಲ, ಬಾಲನ್ನಷ್ಟೇ ನೋಡುತ್ತಿದ್ದ. ಮ್ಯಾಚ್ ಒಂದು ಗೋಲಿನಿಂದ ಗೆದ್ದೆವು. ಅಧಿಕಾರಿ ಕುರ್ಚಿಯಿಂದ ಎದ್ದು, “ಹುಡುಗ ನಮಗೆ ಬೇಕು ರೀ, ಮಾತೇ ಇಲ್ಲ” ಅಂದರು. ಮೇಷ್ಟ್ರ ಕಣ್ಣಲ್ಲಿ ನೀರು. ಅವನು ಗೋಲ್ ಬಿಟ್ಟು ನಮ್ಮ ಕಡೆಗೇ ನಡೆದು ಬರುತ್ತಿದ್ದ. ಮೊದಲ ಸಲ ಮುಖದಲ್ಲಿ ನಗುವಿನಂಥದ್ದೇನೋ ಇತ್ತು.

ಅಧಿಕಾರಿ ಎರಡೂ ಕೈ ಚಾಚಿ, ಅಕ್ಕರೆಯಿಂದ, ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿದರು: “ಏಯ್ ಹಂದೀ! ಬಾರೋ ಇಲ್ಲಿ!”

ಅವನು ನಿಂತ. ಅಧಿಕಾರಿಯ ಮುಖ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಈ ಹೆಸರನ್ನು ಅವರಿಗೆ ಕೊಟ್ಟವರು ಯಾರು ಅಂತ ಅವನಿಗೆ ಆ ಕ್ಷಣಕ್ಕೇ ತಿಳಿಯಿತು. ಅವನು ಏನಾದರೂ ಬೈದಿದ್ದರೆ ನಾನು ಅದಕ್ಕೂ ಏನಾದರೂ ಉತ್ತರ ಹುಡುಕುತ್ತಿದ್ದೆ. ಬೈಯಲಿಲ್ಲ. ತಿರುಗಿ, ಗೇಟಿನ ಕಡೆಗೂ ಹೋಗದೆ, ಕಾಲುವೆ ಪಕ್ಕದ ಮುರಿದ ಬೇಲಿ ದಾಟಿಕೊಂಡು ಹೋದ.

“ಯಾಕೆ? ಏನಾಯ್ತು?” ಅಂದರು ಅಧಿಕಾರಿ.

ಮೇಷ್ಟ್ರು ಅವನ ಹಿಂದೆ ಓಡಿದರು. ನಾವು ಕಾದೆವು. ಗೋಡೆ ಗೆದ್ದ ಖುಷಿಯಲ್ಲಿ ತಮಟೆ ಬಾರಿಸುತ್ತಿತ್ತು. ಬಹಳ ಹೊತ್ತಾದ ಮೇಲೆ ಮೇಷ್ಟ್ರು ಒಬ್ಬರೇ ಬಂದರು.

“ಬರಲ್ವಂತೆ ಸಾರ್. ತಾಯೀನೂ ಹೇಳಿದ್ಲು. ಕೇಳಲಿಲ್ಲ.”

ಅಧಿಕಾರಿಗೆ ಅರ್ಥವಾಗಲಿಲ್ಲ. ಇಷ್ಟು ಪೊಗರು ಇರುವವನನ್ನು ಕಟ್ಟಿಕೊಂಡು ಏನು ಮಾಡಲಿ ಅನ್ನುವ ಹಾಗೆ ಪುಸ್ತಕ ಮುಚ್ಚಿ ಜೇಬಿಗಿಟ್ಟರು. ಹೊರಡುವುದಕ್ಕೆ ಕಾರಿನ ಕಡೆ ತಿರುಗಿದರು. ಅಷ್ಟು ದೂರದಿಂದ ಬಂದವರು ಬರಿಗೈಯಲ್ಲಿ ಹೋಗುತ್ತಿದ್ದಾರಲ್ಲ ಅನ್ನಿಸಿತು.

“ಸಾರ್,” ಅಂದೆ. “ನಮ್ಮ ಹತ್ರ ಇನ್ನೊಬ್ಬ ಕೀಪರ್ ಇದಾನೆ. ಎತ್ತರ ಸ್ವಲ್ಪ ಕಮ್ಮಿ.”